ಬಲಗಾಲಿನ ಪೆಡಲ್

ಕುಡಚಿಯ ಆಸಿಮನ ಹೊಟ್ಟೆಯಲ್ಲಿ ಒಂದು ಮಾತು ನಾಲ್ಕು ತಿಂಗಳಿಂದ ಉರಿಯುತ್ತಿತ್ತು. ನಿಪ್ಪಾಣಿಯ ವಿಕ್ರಾಂತನ ಬೆಂಜೊ ಪಾರ್ಟಿಯಲ್ಲಿ, ಅಂದರೆ ಮದುವೆಗಳಲ್ಲಿ ನುಡಿಸುವ ಮೇಳದಲ್ಲಿ, ಹನ್ನೊಂದು ವರ್ಷ ಕೀಬೋರ್ಡ್ ಬಾರಿಸಿದವನು ಅವನು. ಮದುವೆಯ ಸೀಜನ್ ಹತ್ತಿರ ಬಂದಾಗ ವಿಕ್ರಾಂತ ಅವನನ್ನು ಬಿಡಿಸಿ, ಹೆಂಡತಿಯ ತಮ್ಮ ಭರತನನ್ನು ಕೂರಿಸಿದ. ಹೋಗಲಿ, ಮಾಲೀಕರ ಮರ್ಜಿ. ಆದರೆ ಚಹದಂಗಡಿಯಲ್ಲಿ ಹತ್ತು ಜನರೆದುರು, "ಅಂವ ಏನ ಬಾರಸ್ತಾನ? ಪೆಟಗಿ ತಾನ ನುಡೀತೈತಿ. ನಾಯಿ ಕಾಲಿಟ್ರೂ ಶಹನಾಯಿ ಬರ್ತೈತಿ" ಅಂದನಲ್ಲ, ಅದನ್ನು ಹೇಗೆ ನುಂಗುವುದು? ಆ ಮಾತು ರಾಯಬಾಗ, ಅಥಣಿಯ ಪಾರ್ಟಿಗಳಿಗೂ ಮುಟ್ಟಿತು. ಆಮೇಲೆ ಆಸಿಮನನ್ನು ಒಬ್ಬರೂ ಕರೆಯಲಿಲ್ಲ.

ತಾನೇ ನುಡಿಯುತ್ತದಂತೆ! ಅದಕ್ಕೆ ನುಡಿ ಕಲಿಸಿದ್ದು ಯಾರು, ವಿಕ್ರಾಂತನ ಅಜ್ಜನೇ? ಅಷ್ಟುದ್ದದ ಸ್ವರಗಳ ಸಾಲಿಗೆ ನಡುವೊಂದು ಬದು ಹಾಕಿ, ಎಡಗೈಗೆ ಹಾರ್ಮೋನಿಯಂ, ಬಲಗೈಗೆ ಶಹನಾಯಿ ಎಂದು ಪಾಲು ಮಾಡಿದವನು ಆಸಿಮ. ಕಾಲಡಿಯ ಪೆಡಲ್ ಒತ್ತಿದರೆ ಬೆರಳೆತ್ತಿದ ಮೇಲೂ ಸ್ವರ ಮೊಳಗುತ್ತಲೇ ಇರುತ್ತದೆ, ಬಿಟ್ಟರೆ ಅಲ್ಲಿಗೇ ಅಡಗುತ್ತದೆ. ಎರಡೂ ಪಾಲು ಹಾಗೆ ಮೊಳಗಿದರೆ ರಾಡಿಯೆಂದು ಪೆಡಲನ್ನು ಎಡಪಾಲಿಗಷ್ಟೇ ಕಟ್ಟಿದವನೂ ಅವನೇ. ಇಂಥ ಅರವತ್ತು ಜೋಡಣೆಗಳನ್ನು ಪಾರ್ಟಿಯ ಆ ಪೆಟ್ಟಿಗೆಯ ನೆನಪಿನಲ್ಲೇ ಒಂದೊಂದು ನಂಬರಿಗೆ ಕೂರಿಸಿಟ್ಟಿದ್ದ.

ಚಿಕ್ಕೋಡಿಯಲ್ಲಿ ಒಂದು ಮದುವೆ. ಹುಡುಗಿಯ ಅಜ್ಜ, ಭೋಜದ ವಿರುಪಾಕ್ಷಪ್ಪ, ಹಳೆಯ ಪರಿಚಯದ ಮೇಲೆ ಆಸಿಮನಿಗೂ ಕರೆಯೋಲೆ ಕೊಟ್ಟಿದ್ದರು. ಅಲ್ಲಿ ಬಾರಿಸುವುದು ವಿಕ್ರಾಂತನ ಪಾರ್ಟಿ ಅಂತ ಗೊತ್ತಿದ್ದೇ ಅವನು ಹೋಗಿ, ಬೇಕಂತಲೇ ಮುಂದಿನ ಕುರ್ಚಿ ಹಿಡಿದ.

ಭರತನಿಗೆ ಅದು ಮೊದಲ ದೊಡ್ಡ ಮದುವೆ. ಬಲಗಾಲಿಟ್ಟು ಶುರು ಮಾಡು ಅಂತ ವಿಕ್ರಾಂತ ಹೇಳಿಕೊಟ್ಟ. ಹುಡುಗ ಭಕ್ತಿಯಿಂದ ಕೈಮುಗಿದು, ಬಲಗಾಲನ್ನು ಪೆಡಲ್ಲಿನ ಮೇಲೆ ಗಟ್ಟಿಯಾಗಿ ಊರಿ, ಆಮೇಲೆ ಸ್ವಿಚ್ ಒತ್ತಿದ. ಆಸಿಮ ಅದನ್ನು ನೋಡಿದ. ಕಾಲೂರಿ ಆನ್ ಮಾಡಿದರೆ ಆ ಯಂತ್ರ ಒತ್ತಿದ್ದನ್ನೇ ಬಿಟ್ಟದ್ದೆಂದು ತಿಳಿಯುತ್ತದೆ; ಎಲ್ಲ ಉಲ್ಟಾ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತ ಕಾಲ ಮೇಲೆ ಕಾಲು ಹಾಕಿ ಕೂತ.

ಮಂಗಲಾಷ್ಟಕ ಶುರುವಾಯಿತು. ಭರತ ಕಾಲು ತೆಗೆದಾಗೆಲ್ಲ ಹಾರ್ಮೋನಿಯಂ ಒಂದರ ಮೇಲೊಂದು ಸ್ವರ ಹೇರಿಕೊಂಡು ಗೊಂಯ್ ಎಂದು ಕೂಗತೊಡಗಿತು. ಭಟ್ಟರು ಶ್ರುತಿ ತಪ್ಪಿ ಕೆಮ್ಮಿದರು. ಅಕ್ಕಿಕಾಳು ಹಿಡಿದ ಹೆಂಗಸರು ಸೆರಗಿನಲ್ಲಿ ನಕ್ಕರು. ವಿಕ್ರಾಂತ ಬಂದ್ ಮಾಡಿಸಿದ, ಮತ್ತೆ ಹಚ್ಚಿಸಿದ. ಭರತ ಮತ್ತೆ ಬಲಗಾಲೂರಿಯೇ ಹಚ್ಚಿದ. ಮೂರು ಸಲ ಹಾಗೇ ಆಯಿತು. ಮುಹೂರ್ತ ಮೀರುತ್ತದೆಂದು ವಿರುಪಾಕ್ಷಪ್ಪ ಗದರಿದಾಗ ವಿಕ್ರಾಂತ ಬೆವರುತ್ತ ಕೆಳಗಿಳಿದು ಬಂದ.

"ಆಸಿಮ ಭಾಯಿ, ಮಾನ ಉಳಸೋ ಮಾರಾಯಾ."

"ಉಳಸ್ತೇನ್ರಿ ಮಾಲಕ್ರ. ಬಾರಸೂದು ಪೆಟಗಿ ಅಲ್ಲ, ಆಸಿಮನ ಕೈ ಅಂತ ಮೈಕಿನ್ಯಾಗ ಹೇಳ್ರಿ."

ವಿಕ್ರಾಂತ ಹಲ್ಲು ಕಚ್ಚಿಕೊಂಡು ಹೇಳಿದ. ಇಡೀ ಮಂಟಪ ಕೇಳಿತು. ಆಸಿಮ ಹತ್ತಿ ಹೋಗಿ, ಭರತನ ಕಾಲು ಸರಿಸಿ, ಬಂದ್ ಮಾಡಿ ಹಚ್ಚಿದ, ಅಷ್ಟೇ. ಅಕ್ಕಿಕಾಳು ಬೀಳುವಾಗ ಬಾರಿಸಿದ ಶಹನಾಯಿಗೆ ವಿರುಪಾಕ್ಷಪ್ಪನವರ ಕಣ್ಣು ತುಂಬಿತು.

ನಾಳೆಯಿಂದಲೇ ಬಾ ಅಂತ ವಿಕ್ರಾಂತ ಕೈ ಹಿಡಿದ. ಇಷ್ಟಕ್ಕೇ ಎದೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಬೇಡಿಸಿಕೊಂಡಷ್ಟೂ ಸಿಟ್ಟು ಏರಿತು. ಜನ ಊಟಕ್ಕೆ ಎದ್ದಾಗ ಆಸಿಮ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು ಕೀಬೋರ್ಡ್ ಹಚ್ಚಿದ. ಹಾಕಿದ್ದ ಬದುಗಳು, ಅರವತ್ತು ನಂಬರು, ಎಲ್ಲ ಅಳಿಸಿ ಅದು ಅಂಗಡಿಯಿಂದ ಬಂದಂತೆ ಬರಿದಾಯಿತು. ಊಟಕ್ಕೂ ನಿಲ್ಲದೆ ಬಸ್ ಹತ್ತಿದ.

ಮನೆಯಲ್ಲಿ ಹೆಂಡತಿ ಫರಹೀನಳಿಗೆ ನಕ್ಕು ನಕ್ಕು ಎಲ್ಲ ಹೇಳಿದ. ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದವಳು ಕೈ ನಿಲ್ಲಿಸಿದಳು.

"ಆ ನಂಬರೆಲ್ಲ ಎಲ್ಲೆರ ಬರದ ಇಟ್ಟೀರೇನ್ರಿ?"

ಹನ್ನೊಂದು ವರ್ಷದಲ್ಲಿ ಒಂದನ್ನೂ ಅವನು ಬರೆದಿಟ್ಟಿರಲಿಲ್ಲ.