ಅತ್ತೆಗೆ ಅರ್ಥವಾದ ಫ್ರೆಂಚ್ ಸಿನಿಮಾ

ಇವತ್ತು ಗೊತ್ತಾಯಿತು ಗೆಳತಿಯರೇ, ನನ್ನ ಅತ್ತೆಗೆ ಫ್ರೆಂಚ್ ಅರ್ಥವಾಗುತ್ತದೆ.

ಇಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಒಂದು ಚಿತ್ರಮಂದಿರದಲ್ಲಿ ಕೂಸುಗಳ ತಾಯಂದಿರಿಗೆಂದೇ ಬೆಳಗಿನ ಆಟವಿರುತ್ತದೆ. ಮಗು ಅತ್ತರೂ ಯಾರೂ ತಿರುಗಿ ನೋಡುವುದಿಲ್ಲ. ಬಾಣಂತನಕ್ಕೆಂದು ಧಾರವಾಡದಿಂದ ಬಂದಿರುವ ಅತ್ತೆಯೂ ಜೊತೆಗೆ ಬಂದರು. ಇವತ್ತಿನದು ಫ್ರೆಂಚ್ ಸಿನಿಮಾ, ಹಳೇ ಕಾಲದ ಕಥೆ: ಸಣ್ಣ ಊರು, ದೊಡ್ಡ ಮನೆ, ಕಿಟಕಿಯಲ್ಲೇ ದಿನ ಕಳೆಯುವ ಹೆಂಡತಿ. ಪರದೆಯ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಪಿಸುಗುಟ್ಟಿ ಹೇಳಹೋದರೆ, “ಸುಮ್ನ ಕೂಡು, ನನಗ ತಿಳೀತೈತಿ” ಎಂದರು.

ಪರದೆಯ ಮೇಲೆ ಗಂಡ ನಗುನಗುತ್ತಾ ಸೂಪು ಕುಡಿಯುತ್ತಿದ್ದ. ಹೆಂಡತಿಯ ಬಟ್ಟಲು ಹಾಗೇ ಆರುತ್ತಿತ್ತು.

“ಗಂಡ ಕೆಟ್ಟಾಂವ ಅಲ್ಲ ನೋಡು. ಅದಕ್ಕ ಪಾಪ, ಆಕಿಗೆ ಯಾರ ಮುಂದೂ ಹೇಳ್ಕೊಳ್ಳಾಕ ಬರಂಗಿಲ್ಲ” ಎಂದರು ಅತ್ತೆ.

ಕೂಸು ಹುಟ್ಟಿದಾಗಿನಿಂದ ನಿದ್ದೆಗೆಟ್ಟು, ಉಸಿರು ಕಟ್ಟಿದಂತಾಗಿ, ದೂರಲು ಕಾರಣವೇ ಸಿಗದೆ ನಾನು ನುಂಗಿಕೊಂಡಿದ್ದ ಮಾತು ಅದೇ.

ಸಂಜೆ ನನ್ನವರು ಕೆಲಸದಿಂದ ಬಂದದ್ದೇ ತಡ, ಅತ್ತೆ ಕೂಸನ್ನು ಅವರ ಕೈಗಿಟ್ಟರು.

“ಇವತ್ತ ರಾತ್ರಿ ಇದು ನಿನ್ನ ಪಾಲಿಗೆ. ಭಾಳ ಒಳ್ಳೆ ಗಂಡ ಅದಿಯಲ್ಲ ನೀನು!”

“ಯಾಕವ್ವಾ, ಏನಾತು?”

“ಏನಿಲ್ಲಪ್ಪಾ, ಸಿನಿಮಾ ನೋಡಿ ಬಂದೀವಿ.”

ನನಗೆ ಮಲಗಲು ಅಪ್ಪಣೆಯಾಗಿದೆ. ಮಲಗದೆ ಇದನ್ನು ಬರೆಯುತ್ತಿದ್ದೇನೆಂದು ದಯವಿಟ್ಟು ಅತ್ತೆಗೆ ಹೇಳಬೇಡಿ.