ಗೇಟಿನ ಹಲಗೆ

ಅವಳ ಫೋಟೊ ಮೊದಲ ಸಲ ಪೇಪರಿನಲ್ಲಿ ಬಂದಾಗ ನಮ್ಮವ್ವ ಅದನ್ನು ಕತ್ತರಿಸಿ ದೇವರ ಜಗಲಿಯ ಪಕ್ಕದ ಗೋಡೆಗೆ ಅಂಟಿಸಿದಳು. ದಿನಾ ದೀಪ ಹಚ್ಚುವಾಗ ನಾನು ಆ ಮುಖ ನೋಡಬೇಕಿತ್ತು. ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ವಯಸ್ಸಾದ ಮೇಲೆ ಇಂಥದ್ದೆಲ್ಲ ತಣ್ಣಗಾಗುತ್ತದೆ ಅನ್ನುವವರಿಗೆ ಹೊಟ್ಟೆಕಿಚ್ಚು ಅಂದರೇನೆಂದು ಗೊತ್ತಿಲ್ಲ.

ನಾರಾಯಣಪುರದಲ್ಲಿ ಆಗ ಕಾಲುವೆಯದೇ ಕಾರುಬಾರು. ಅಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತ, ನಾವು ಕ್ವಾರ್ಟರ್ಸಿನಲ್ಲಿದ್ದೆವು. ಅವಳ ಅಪ್ಪ ಅವ್ವ ಗೋಗಿ ಕಡೆಯಿಂದ ಕಾಲುವೆಗೆ ಕಲ್ಲು ಹೊರಲು ಬಂದವರು, ಕ್ವಾರ್ಟರ್ಸಿನ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದರು. ನಾವಿಬ್ಬರೂ ಒಂದೇ ಶಾಲೆ, ಒಂದೇ ತರಗತಿ. ಆ ಶಾಲೆಗೆ ಬಂದ ಡ್ರಿಲ್ ಮಾಸ್ತರರು ಕಬಡ್ಡಿ, ಖೋಖೋ ಬಿಟ್ಟು ಜಿಮ್ನಾಸ್ಟಿಕ್ಸ್ ಕಲಿಸುತ್ತೇನೆಂದು ಹಟ ಹಿಡಿದರು. ಊರಿನವರು "ಸರ್ಕಸ್ ಕಂಪನಿ ತೆಗೀತೀರೇನ್ರಿ ಮಾಸ್ತರ?" ಎಂದು ಕೇಳಿದರು. ಮಾಸ್ತರರು "ಹೌದ್ರಿ, ಟಿಕೇಟ್ ನಿಮಗ ಫುಕಟ್" ಎಂದು ಹೇಳಿ ನಮ್ಮನ್ನು ಲಾಗ ಹಾಕಿಸುತ್ತಲೇ ಇದ್ದರು.

ಲಾಗ ಹಾಕಲು ಗಾದಿ ಎಲ್ಲಿಂದ ಬರಬೇಕು? ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾಗಿದ್ದವು, ಹುಲ್ಲಿಗೆ ಬರವಿರಲಿಲ್ಲ. ಅದನ್ನೇ ಹಾಸಿಕೊಂಡೆವು. ಅಂಗೈ ಜಾರದಂತೆ ನಾನು ಅಪ್ಪನ ವಿಭೂತಿ ಗಟ್ಟಿಯನ್ನು ತಿಕ್ಕಿಕೊಳ್ಳುತ್ತಿದ್ದೆ, ಅವ್ವನಿಂದ ಬೈಸಿಕೊಳ್ಳುತ್ತಿದ್ದೆ. ಅವಳು ನೆಲದ ಮಣ್ಣು ತಿಕ್ಕಿಕೊಳ್ಳುತ್ತಿದ್ದಳು.

ಕಷ್ಟವಾದದ್ದು ದಿಮ್ಮಿ, ಇಂಗ್ಲಿಷಿನಲ್ಲಿ ಬ್ಯಾಲೆನ್ಸ್ ಬೀಮ್. ಹುಡುಗಿಯರು ಅದರ ಮೇಲೆ ನಡೆದು, ಹಾರಿ, ತಿರುಗಿ, ಕೊನೆಗೆ ಅದರ ತುದಿಯಿಂದ ಲಾಗ ಹಾಕಿ ನೆಲಕ್ಕೆ ಬರಬೇಕು. ಅಗಲ ನಾಲ್ಕು ಬೆರಳು, ಅಷ್ಟೇ. ಅಪ್ಪ ಕಚೇರಿಯ ಸಾಹೇಬರ ಕೈಕಾಲು ಹಿಡಿದು ಸ್ಟೋರಿನಿಂದ ಒಂದು ಹಲಗೆ ತಂದರು. ಕಾಲುವೆ ರಿಪೇರಿ ಇದ್ದಾಗ ಗೇಟಿನ ಬಾಯಿಗೆ ಇಳಿಬಿಟ್ಟು ನೀರು ತಡೆಯುವ ದಪ್ಪ ತೇಗದ ಹಲಗೆ ಅದು. ಮಾಸ್ತರರು ಅದನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡೂ ಕಡೆ ಡಾಂಬರಿನ ಡ್ರಮ್ಮಿಗೆ ಬಿಗಿದು, ಗೋಣಿ ಸುತ್ತಿದರು. "ಅಸಲಿ ದಿಮ್ಮಿ ಇದಕ್ಕಿಂತ ಉದ್ದ ಇರ್ತದ. ಸಣ್ಣದರ ಮ್ಯಾಲೆ ಕಲತ್ರ ಉದ್ದದ್ದು ಸಲೀಸು" ಎಂದರು. ನಮಗೂ ಅದೇ ಸರಿ ಅನ್ನಿಸಿತು.

ಶಾಲೆ ಬಿಟ್ಟ ತಕ್ಷಣ ನಾನು ಹಲಗೆ ಹತ್ತುತ್ತಿದ್ದೆ. ಕತ್ತಲಾಗುವವರೆಗೆ ಇಳಿಯುತ್ತಿರಲಿಲ್ಲ. ನಮ್ಮಪ್ಪ ತಂದ ಹಲಗೆ, ಯಾಕೆ ಇಳಿಯಲಿ? ಅವಳು ಸ್ವಲ್ಪ ಹೊತ್ತು ನಿಂತು ನೋಡಿ, ಕಾಲುವೆಯ ಸೇತುವೆಗೆ ಹೋಗುತ್ತಿದ್ದಳು. ಅದರ ಕಟ್ಟೆಯ ಮೇಲೆ ನಡೆದಾಡುತ್ತಿದ್ದಳು, ಹಾರುತ್ತಿದ್ದಳು, ಅಂಗೈಯೂರಿ ಚಕ್ರ ಹಾಕುತ್ತಿದ್ದಳು. ಒಂದು ಕಡೆ ರಸ್ತೆ, ಇನ್ನೊಂದು ಕಡೆ ತುಂಬಿದ ನೀರು. ಅವಳ ಅವ್ವ ನೋಡಿದರೆ ಕಾಲು ಮುರಿಯುತ್ತಿದ್ದಳು. ನಾನು ಹಲಗೆಯ ಮೇಲಿನಿಂದಲೇ ನೋಡುತ್ತಿದ್ದೆ. ಅವಳು ಕೆಳಗೆ ನೋಡುತ್ತಲೇ ಇರಲಿಲ್ಲ, ಕಣ್ಣು ಯಾವಾಗಲೂ ಮುಂದಿನ ತುದಿಯ ಮೇಲೆ. ಹಲಗೆ ನನ್ನದಾಗಿದ್ದರೂ ಮಾಸ್ತರರ ಕಣ್ಣು ಆ ಕಟ್ಟೆಯ ಕಡೆಗೇ ಹೋಗುತ್ತಿತ್ತು, ಅದನ್ನು ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ರಾಜ್ಯ ತಂಡದ ಆಯ್ಕೆಗೆ ಇಬ್ಬರನ್ನೂ ಕರೆದರು. ಸುರಪುರ, ಶಹಾಪುರ ದಾಟಿ ಯಾದಗಿರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಆಯ್ಕೆಯಾದ ಹುಡುಗಿ ಅಲ್ಲಿಯೇ ಹಾಸ್ಟೆಲಿನಲ್ಲಿ ಉಳಿಯಬಹುದು, ನಿಜವಾದ ತರಬೇತಿ, ಮುಂದೆ ದೇಶದ ತಂಡ. ಆಗದವಳು ಅದೇ ರೈಲಿಗೆ ವಾಪಸ್. ಅಪ್ಪ ಸ್ಟೇಷನ್ನಿನಲ್ಲಿ "ಆದಂಗ ಆಗ್ತದ ಬಿಡು" ಎಂದರು. ನನಗೆ ಆದಂಗೆ ಆಗುವುದು ಬೇಕಿರಲಿಲ್ಲ. ನನಗೆ ಆ ಹಾಸ್ಟೆಲಿನ ಮಂಚ ಬೇಕಿತ್ತು.

ನೆಲದ ಆಟ, ಮರದ ಕುದುರೆ ಹಾರುವುದು, ಸರಳುಗಳ ಮೇಲೆ ತೂಗುವುದು, ಮೂರೂ ಮುಗಿದಾಗ ಉಳಿದದ್ದು ಒಂದೇ ಜಾಗ, ಉಳಿದವರು ನಾವಿಬ್ಬರೇ. ನಾನು ಒಂದು ಕೂದಲೆಳೆ ಮುಂದಿದ್ದೆ. ದಿಮ್ಮಿಯ ಮೇಲೆ ಅಭ್ಯಾಸಕ್ಕೆ ಕೊಟ್ಟ ಹೊತ್ತನ್ನೆಲ್ಲ ಬೆಂಗಳೂರಿನ ಹುಡುಗಿಯರೇ ನುಂಗಿ ಹಾಕಿದ್ದರು, ನಮಗೆ ಸಿಕ್ಕಿದ್ದು ಹತ್ತಿ ಇಳಿಯುವಷ್ಟು ಮಾತ್ರ.

ಮೊದಲು ಅವಳು ಹತ್ತಿದಳು. ಒಮ್ಮೆ ತೂಗಾಡಿದಳು, ಬೀಳಲಿಲ್ಲ, ತುದಿಯಿಂದ ಲಾಗ ಹಾಕಿ ನಿಂತಳು. ಬೀಳದೆ ಮುಗಿಸಿದರೆ ಜಾಗ ನನ್ನದು ಎಂದು ಮಾಸ್ತರರು ಕಣ್ಣಲ್ಲೇ ಹೇಳಿದರು.

ನಾನು ಹತ್ತಿದೆ. ಹಾರಿದೆ, ತಿರುಗಿದೆ, ಒಂದೂ ತಪ್ಪಲಿಲ್ಲ. ಕೊನೆಗೆ ಈ ತುದಿಯಿಂದ ಓಡಿ, ಕೈಯೂರಿ ಚಕ್ರ ಹಾಕಿ, ಕಾಲು ಊರಿದೆ. ನಮ್ಮ ಹಲಗೆಯಲ್ಲಿ ಕಾಲು ಊರಿದ ಕಡೆಯೇ ತುದಿ, ಅಲ್ಲಿಂದಲೇ ಲಾಗ. ಇಲ್ಲಿ ಮುಂದಕ್ಕೆ ನೋಡಿದರೆ ಇನ್ನೂ ದಿಮ್ಮಿ ಇತ್ತು. ಲಾಗ ಹಾಕಿದರೆ ಬೆನ್ನು ಮುರಿದು ಅದರ ಮೇಲೆಯೇ ಬೀಳುತ್ತಿದ್ದೆ. ನಿಂತುಬಿಟ್ಟೆ. ಗೇಟಿನ ಬಾಯಿ ಎಷ್ಟಗಲವೋ ಅಷ್ಟಕ್ಕೇ ನನ್ನ ಕಾಲು ಪಳಗಿತ್ತು. ಕಟ್ಟೆಯ ಮೇಲೆ ಕಲಿತವಳಿಗೆ ತುದಿ ಎಲ್ಲಿದ್ದರೇನು, ಕಣ್ಣಿನಿಂದ ನೋಡಿ ಅಳೆಯುತ್ತಿದ್ದಳು.

ಆಗಲೂ ಎಲ್ಲ ಮುಗಿದಿರಲಿಲ್ಲ. ತುದಿಗೆ ನಡೆದು ಹೋಗಿ ಲಾಗ ಹಾಕಬಹುದಿತ್ತು, ಸ್ವಲ್ಪ ಅಂಕ ಹೋಗುತ್ತಿತ್ತು, ಅಷ್ಟೇ. ಕೆಳಗಿನಿಂದ ಅವಳ ದನಿ ಬಂತು.

"ಇನ್ನಾ ಅದ. ನಡಿ, ಮುಂದ ನಡಿ."

ಆ ಇಡೀ ಹಾಲಿನ ಹುಡುಗಿಯರಲ್ಲಿ ನಮ್ಮ ಕಡೆಯ ಮಾತಾಡುವವಳು ಅವಳೊಬ್ಬಳೇ, ಮತ್ತು ಅವಳು ಹೇಳುತ್ತಿದ್ದದ್ದು ಸರಿಯಿತ್ತು. ಅದಕ್ಕೇ ಮೈಯೆಲ್ಲ ಉರಿದುಹೋಯಿತು. ಇವಳು ಹೇಳಿದಂತೆ ನಾನು ನಡೆಯಬೇಕೇ? ಎತ್ತಿನ ಗಾಡಿಯಿಂದ ಇಳಿಯುವಂತೆ ದಿಮ್ಮಿಯ ಪಕ್ಕಕ್ಕೆ ಧುಮುಕಿಬಿಟ್ಟೆ.

ಮಾಸ್ತರರು ಹಣೆ ಹಿಡಿದುಕೊಂಡು ಕುಳಿತರು. "ಯಾಕ ಇಳದಿ?" ಎಂದು ಅವಳು ಕೇಳಿದಳು. ಲಾಗವಿಲ್ಲದೆ ಇಳಿದದ್ದಕ್ಕೆ ಅಂಕ ಹೋಯಿತು, ಜಾಗ ಅವಳದಾಯಿತು. ಅವಳನ್ನು ಹಾಸ್ಟೆಲಿಗೆ ಬಿಟ್ಟು ನಾನು ಮಾಸ್ತರರ ಜೊತೆ ಯಾದಗಿರಿಗೆ ಮರಳಿದೆ. ಮುಂದಿನ ಬೇಸಿಗೆಗೆ ಕಾಲುವೆ ರಿಪೇರಿ ಬಂತು, ಹಲಗೆಯೂ ಗೇಟಿಗೆ ವಾಪಸ್ ಹೋಯಿತು.

ಅವಳು ಪರದೇಶಕ್ಕೆ ಹೋದ ವರ್ಷ ನಾನು ಮಾಸ್ತರಿಕೆಯ ಟ್ರೇನಿಂಗ್ ಸೇರಿದೆ. ಅವಳಿಗೆ ದಿಮ್ಮಿಯಲ್ಲಿ ಪದಕ ಬಂದ ವರ್ಷ ಶಹಾಪುರದ ಅಂಗಡಿಕಾರನೊಂದಿಗೆ ನನ್ನ ಮದುವೆಯಾಯಿತು. ಪಕ್ಕದ ಮನೆಯ ಟಿವಿಯಲ್ಲಿ ಅವಳು ಬಂದಾಗೆಲ್ಲ ಓಣಿ ಸೇರುತ್ತಿತ್ತು. ಅವಳು ತುದಿಗೆ ಬಂದಾಗ ಚಾಪೆಯ ಮೇಲೆ ನನ್ನ ಕಾಲ್ಬೆರಳು ಬಿಗಿಯುತ್ತಿದ್ದವು. ಬೀಳಲಿ ಅಂದುಕೊಳ್ಳುತ್ತಿದ್ದೆ. ಬೀಳುತ್ತಿರಲಿಲ್ಲ.

ಕೊನೆಗೊಮ್ಮೆ ಬಿದ್ದಳು. ಎಡ ಮೊಣಕಾಲು ಹೋಯಿತು, ಆಟ ಮುಗಿಯಿತು, ಆಟದಿಂದ ಸಿಕ್ಕಿದ್ದ ರೈಲ್ವೆ ನೌಕರಿ ಉಳಿಯಿತು. ಆಮೇಲೆ ಒಂದು ಮಧ್ಯಾಹ್ನ ಆಗ ನನ್ನ ಜೊತೆಗಿದ್ದ ನಮ್ಮವ್ವನನ್ನು ನೋಡಲು ಶಹಾಪುರದ ನಮ್ಮ ಮನೆಗೆ ಬಂದಳು. ಊಟಕ್ಕೆ ಹಾಸಿದ ಚಾಪೆಯ ಮೇಲೆ ಕೂರಲಾಗದೆ "ಒಂದು ಕುರ್ಚಿ ಕೊಡ್ರಿ" ಎಂದಳು. ಸೀರೆಯಡಿಯಿಂದ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಚಾಚಿ ಇಟ್ಟುಕೊಂಡಳು. ಅವ್ವ ಕಣ್ಣೊರೆಸಿಕೊಂಡಳು. ನಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತೆ, ಒಂದು ಕೀಲೂ ಸದ್ದು ಮಾಡಲಿಲ್ಲ.

"ನಿನ್ನ ಮೊಣಕಾಲು ಛಲೋ ಅದಾವ ನೋಡು. ನೀ ನಸೀಬದಾಕಿ" ಎಂದಳು.

"ಅದಕ್ಕೇ ಹೊಟ್ಟಿ ಉರೀತದ" ಎಂದೆ.

ಅವಳು ನಕ್ಕಳು. ನಾನು ದಿಮ್ಮಿ ಅವಳಿಗೆ ಕೊಟ್ಟ ಆ ಊದಿದ ಮೊಣಕಾಲನ್ನೇ ನೋಡುತ್ತ ಕುಳಿತಿದ್ದೆ. ಅದೂ ನನಗೆ ಬೇಕಿತ್ತು.