ಮೀನೆಣ್ಣೆ ಹಚ್ಚಿದ ಕಾರು

ಬಲಗೈಯೋ ಎಡಗೈಯೋ, ಆಣೆ ಮಾಡಿ ಹೇಳಲಾರೆ. ಅವರ ಒಂದು ಹೆಬ್ಬೆರಳಿನ ಉಗುರು ಮಾತ್ರ ಉಳಿದವಕ್ಕಿಂತ ಉದ್ದವಿತ್ತು, ಆಮೆಯ ಚಿಪ್ಪಿನಂತೆ ದಪ್ಪವಾಗಿ ಹಳದಿಗಟ್ಟಿತ್ತು. ಕುಮಟೆಯ ಗ್ಯಾರೇಜಿನ ಮೇಸ್ತ್ರಿ ಅವರು. ಹಳೆಯ ಕಾರು ಬಂದರೆ ಸ್ಪ್ಯಾನರ್ ಮುಟ್ಟುವ ಮೊದಲು ಆ ಉಗುರಿನಿಂದ ಕೆರೆದು ನೋಡುತ್ತಿದ್ದರು. ಹಾಗೆಂದು ನನ್ನ ನೆನಪು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಇದೊಂದೇ: ಸಾಕ್ಷಿ ಕೇಳು.

ಬಾಡ ಎಂಬ ಊರಿನ ಒಂದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಕಾರನ್ನು ನಾನು ಕೊಂಡದ್ದು, ಅದು ಅಪ್ಪನದೇ ಇರಬಹುದೆಂಬ ಆಸೆಯಿಂದ. ಅಪ್ಪ ಕಾರು ಮಾರಿದಾಗ ನನಗೆ ಐದು ವರ್ಷ. ಬಣ್ಣ, ನಂಬರು ಯಾವುದೂ ನೆನಪಿಲ್ಲ. ಹತ್ತಿದೊಡನೆ ಮೂಗಿಗೆ ಬಡಿಯುತ್ತಿದ್ದ ಮೀನಿನ ವಾಸನೆ ಮಾತ್ರ ನೆನಪಿದೆ. ಸಂತೆಗುಳಿಯಲ್ಲಿರುವ ಅಕ್ಕ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದಳು. “ಈರುಳ್ಳಿನೂ ತಿನ್ನದ ಅಪ್ಪನ ಕಾರಲ್ಲಿ ಮೀನಾ? ನಿಂಗೆ ಕನಸು ಬಿದ್ದಿಕ್ಕು ತಮಾ.”

ನನಗೋ ಅವಸರ. ತಿಂಗಳೊಳಗೆ ಬಣ್ಣ ಬಳಿಸಿ ಓಡಿಸಬೇಕು. ಮೇಸ್ತ್ರಿ ಒಪ್ಪಲಿಲ್ಲ.

“ಈಗ ಬಣ್ಣ ಎಂತಕ್ಕೆ ಮಾಸ್ತರೆ? ಇದಕ್ಕೆ ನಾಳೆ ಮದುವೆಯಾ? ಇದರದ್ದೇ ಸಾಮಾನು ಯಾವ್ದು, ಮತ್ತೊಂದರದ್ದು ಯಾವ್ದು, ಮೊದ್ಲು ಗೊತ್ತಾಗ್ಲಿ. ಬಣ್ಣ ಹೊಡದ್ರೆ ಎಲ್ಲಾ ಮುಚ್ಚಿ ಹೋಗ್ತದೆ.”

ಕಾರಿನಡಿ ನುಸುಳಿದರು. ನಾನೂ ನುಸುಳಿದೆ. ಅಲ್ಲೆಲ್ಲ ಕಪ್ಪು ಹಕ್ಕಳೆ ಕಟ್ಟಿತ್ತು. ಕೊಳೆ ಎಂದುಕೊಂಡಿದ್ದೆ. ಅವರು ಒಂದು ಚೂರು ಕೆರೆದು, ಹೊರಬಂದು, ಬೆಂಕಿಕಡ್ಡಿಯಲ್ಲಿ ಬಿಸಿ ಮಾಡಿ ನನ್ನ ಮೂಗಿಗೆ ಹಿಡಿದರು.

“ಮೀನೆಣ್ಣೆ. ದೋಣಿಗೆ ಹಚ್ತಾರಲ್ಲ, ಅದೇ. ಉಪ್ಪು ಗಾಳಿಗೆ ಕಬ್ಬಿಣ ಹಾಳಾಗ್ಬಾರ್ದು ಅಂತ ಹಚ್ಸಿದ್ದು.”

ಅದೇ ವಾಸನೆ! ಕುಣಿಯುವುದೊಂದು ಬಾಕಿ. ಮರುಗಳಿಗೆಯೇ ಸಂಶಯ ಬಂತು. “ಇಲ್ಲಿಯ ಎಷ್ಟೋ ಕಾರಿಗೆ ಹಚ್ಚಿರಬಹುದಲ್ಲ?”

“ಕಲ್ತವ್ರ ಪಾಡೇ ಇಷ್ಟು,” ಎಂದು ನಕ್ಕರು. “ತಮ್ಮ ಮೂಗನ್ನೂ ನಂಬೂದಿಲ್ಲ.”

ಹಕ್ಕಳೆಯಡಿ ಕಬ್ಬಿಣದಲ್ಲಿ ಕೊರೆದ ಚಾಸಿ ನಂಬರು ಉಳಿದಿತ್ತು. ಕೊನೆಯ ಅಂಕೆಯ ತಲೆ ಮಾತ್ರ ಮಾಸಿತ್ತು. ನನಗೆ ಅದು “ಒಂದು” ಎಂದು ಕಂಡಿತು. ಅವರು ಕಣ್ಣು ಮುಚ್ಚಿ, ಉಗುರು ಆಡಿಸಿ, “ಏಳು” ಎಂದರು. ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ನಂಬರು ಬರೆದರು. “ಅಪ್ಪನ ಹಳೇ ಕಾಗ್ದ ಹುಡ್ಕಿ. ಇದೇ ನಂಬ್ರ ಇದ್ರೆ ಇದು ನಿಮ್ಮ ಅಪ್ಪಂದು. ಇಲ್ದಿದ್ರೆ ಯಾರದ್ದೋ ಕಾರು.”

ಕಾರಿನಲ್ಲಿದ್ದ ಸ್ಟೇರಿಂಗ್ ಚಕ್ರ ಯಾವುದೋ ಜೀಪಿನದಂತೆ. ಮೂಲದ್ದನ್ನು ಹುಡುಕುತ್ತ ಭಟ್ಕಳದ ಗುಜರಿಗಳನ್ನೆಲ್ಲ ಸುತ್ತಿದೆವು. “ಚಕ್ರ ಅಲ್ವಾ, ಎಲ್ಲಾದ್ರೂ ತಿರುಗ್ತಾ ಇರ್ತದೆ,” ಎನ್ನುತ್ತಿದ್ದರು. ಸಿಕ್ಕಿದ್ದು ಹೊನ್ನಾವರದ ಬಂದರಿನಲ್ಲಿ, ಒಂದು ಮೀನುಗಾರಿಕೆ ಬೋಟಿನಲ್ಲಿ! ಬೋಟಿನವನ ತಂದೆ ಬಾಡದಿಂದ ತಂದದ್ದಂತೆ.

“ಇದು ನಿಮ್ಗೆ ಕೊಟ್ರೆ ನನ್ ಬೋಟು ಎಂತ, ಕಿವಿ ಹಿಂಡಿ ತಿರ್ಗಸೂದಾ?” ಎಂದ ಅವನು.

ಮೇಸ್ತ್ರಿ ಚೀಲದಿಂದ ಜೀಪಿನ ಚಕ್ರ ತೆಗೆದು, ಮೊದಲು ಬೋಟಿಗೆ ಕೂರಿಸಿಕೊಟ್ಟರು. ಬೋಟಿನ ಚಕ್ರ ಕುಮಟೆಯಲ್ಲಿ ಕಾರಿಗೆ ಹಲ್ಲಿಗೆ ಹಲ್ಲು ಕಚ್ಚಿ ಕೂತಿತು. ನಾನು ನಾಚಿಕೆಯಿಲ್ಲದೆ ಚಪ್ಪಾಳೆ ತಟ್ಟಿದೆ. “ಈಗ್ಲಾದ್ರೂ ನಂಬ್ತ್ರಾ?” ಎಂದರು. ನಂಬಲಿಲ್ಲ, ಆ ಮಾದರಿಯ ಕಾರು ಎಷ್ಟಿದ್ದವೋ.

ಎಂಜಿನ್ ಶುರುವಾಗುವ ಮೊದಲೇ ಮೇಸ್ತ್ರಿ ತೀರಿಕೊಂಡರು. ಅವರ ಮಗ ಬಣ್ಣದ ಮಾತೆತ್ತಿದಾಗ ಈ ಬಾರಿ ಬೇಡವೆಂದವನು ನಾನು. ಕಾಯುವುದನ್ನು ನನಗೆ ಕಲಿಸಿದವರು ಅವರೊಬ್ಬರೇ.

ಮೊನ್ನೆ ಗ್ಯಾರೇಜಿನಲ್ಲಿದ್ದಾಗಲೇ ಅಕ್ಕನ ಫೋನು. ಅಪ್ಪನ ಪೆಟ್ಟಿಗೆಯ ತಳದಲ್ಲಿ ಕಾರಿನ ವಿಮೆಯ ಕಾಗದ ಸಿಕ್ಕಿತ್ತು. ಒಂದೊಂದೇ ಅಂಕೆ ಓದು ಎಂದೆ. ಅವಳು ಓದಿದಂತೆ ಗೋಡೆಯ ಮೇಲೆ ಬೆರಳಿಡುತ್ತ ಹೋದೆ. ಕೊನೆಯದರ ಹತ್ತಿರ ಅವಳು ಕನ್ನಡಕ ಒರೆಸಿಕೊಳ್ಳಲು ನಿಂತಳು.

“ಏಳು ಇದ್ದು, ತಮಾ.”

ಆದರೂ ಅಂದೇ ಸಂತೆಗುಳಿಗೆ ಹೋಗಿ ಕಣ್ಣಾರೆ ನೋಡಿದೆ. ಏಳೇ.